ಹೊಸ ಸೈಲೆನ್ಸರ್ ಹಾಕಿದರೂ 407 ಸದ್ದು ನಿಂತಿಲ್ಲ, ಕ್ಯಾಬಿನ್‌ಗೆ ಹೊಗೆ ಬರುತ್ತಿದೆ

ಮಲ್ನಾಡ್ 407:
ಎಲ್ಲರಿಗೂ ನಮಸ್ಕಾರ. ನಮ್ಮದು 2001ರ ಟಾಟಾ 407 ಲಾರಿ, ಟರ್ಬೋ ಇಲ್ಲದ ಹಳೇ ಇಂಜಿನ್. ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೆ ಶುಂಠಿ, ಬಾಳೆಕಾಯಿ, ಸಿಕ್ಕ ಲೋಡು ಹೊಡೆಯುತ್ತೇವೆ. ಮಳೆಗಾಲ ಮುಗಿದ ಮೇಲೆ ಗಾಡಿ ಟ್ರ್ಯಾಕ್ಟರ್ ಥರ ಕೂಗೋಕೆ ಶುರುವಾಯಿತು. ಸೈಲೆನ್ಸರ್ ತೂತು ಬಿದ್ದಿದೆ ಅಂದರು. ನಿಜಕ್ಕೂ ಬಿದ್ದಿತ್ತು, ತಳ ಪೂರ್ತಿ ತುಕ್ಕು. ಹೊಸದು ಹಾಕಿಸಿದೆ. ಹಿಂದಿನ ಗುಡುಗು ಹೋಯಿತು, ಆದರೆ ಮುಂದಿನಿಂದ ಬರುವ ಸದ್ದು ಹಾಗೇ ಇದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಪ್ ಟಪ್ ಟಪ್. ಇಂಜಿನ್ ಬಿಸಿಯಾದ ಮೇಲೆ ಅರ್ಧ ಕಡಿಮೆ. ಘಾಟಿ ಹತ್ತುವಾಗ ಕಾಲು ಒತ್ತಿದರೆ ಮತ್ತೆ ಜಾಸ್ತಿ. ಗೇರ್ ಲಿವರ್ ಹತ್ತಿರದಿಂದ ಹೊಗೆ ವಾಸನೆ ಬೇರೆ. ಈಗ ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಹೋಗಿದೆ, ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚೋಣ ಅಂತಿದ್ದಾರೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ಹತ್ತಿರ ಬಂದಿದೆ. ಏನು ಮಾಡಲಿ?

ಹಳೇ ಸ್ಪ್ಯಾನರ್:
ಹೆಡ್ ಮುಟ್ಟಿಸಬೇಡಿ ಸರ್. ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದರೆ ಕಡಿಮೆ, ಲೋಡಿಗೆ ಮತ್ತೆ ಜಾಸ್ತಿ: ಇದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರ್ ಪೈಪಿಗೆ ಬಿಡುವ ಎರಕದ ಕೊಳವೆ) ಹತ್ತಿರ ಹೊಗೆ ಸೋರುವ ಲಕ್ಷಣ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ಇಳಿಯುತ್ತದೆ. ಟ್ಯಾಪೆಟ್ ಸದ್ದು ಲೋಡಿಗೆ ಇಷ್ಟೊಂದು ಬದಲಾಗುವುದಿಲ್ಲ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮುಂಚೆ, ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಹೆಡ್‌ಗೆ ಕೂರುವ ಜಾಗ ನೋಡಿ. ಸೋರುವ ಕಡೆ ಕಪ್ಪು ಮಸಿ ಗೆರೆ ಗೆರೆಯಾಗಿ ಹರಡಿರುತ್ತದೆ. ಬೆರಳಿಗೆ ಒಣ ಮಸಿ ಹತ್ತಿದರೆ ಅದೇ ಜಾಗ. ಜಿಡ್ಡು ಹತ್ತಿದರೆ ಅದು ಆಯಿಲ್ ಲೀಕು, ಬೇರೆ ಕಥೆ. ಆಮೇಲೆ ಸೋಪಿನ ನೀರು ಸ್ಪ್ರೇ ಮಾಡಿ ಸ್ಟಾರ್ಟ್ ಮಾಡಿಸಿ. ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಅರ್ಧ ಮುಚ್ಚಲಿ. ಸೋರುವ ಕಡೆ ನೊರೆ ಏಳುತ್ತದೆ, ಉಸ್ ಅನ್ನುತ್ತದೆ. ಪೈಪ್ ಬಿಸಿಯಾಗುವ ಮುಂಚೆ ಮುಗಿಸಿ, ಫ್ಯಾನ್ ಹತ್ತಿರ ಕೈ, ಟವೆಲ್ ಹೋಗದ ಹಾಗೆ ನೋಡಿಕೊಳ್ಳಿ.

ತಿಪಟೂರು ಕಾಯಿ:
ಇಷ್ಟೆಲ್ಲಾ ಯಾಕೆ ಗುರು? ಎಂ-ಸೀಲ್ ಮೆತ್ತಿ, ಮೇಲೆ ತಗಡು ಸುತ್ತಿ ಕ್ಲಾಂಪ್ ಬಿಗಿದರೆ ಆಯ್ತು. ಎಫ್‌ಸಿ ಮುಗಿಯುವವರೆಗೆ ಸಾಕು.

ಹಳೇ ಸ್ಪ್ಯಾನರ್:
ಎಂ-ಸೀಲ್ ನೀರಿನ ಪೈಪಿಗೆ ಸರಿ ಅಣ್ಣ. ಘಾಟಿಯಲ್ಲಿ ಲೋಡ್ ಎಳೆಯುವ ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡ್ 400 ಡಿಗ್ರಿ ಸುಲಭವಾಗಿ ದಾಟುತ್ತದೆ. ಅಲ್ಲಿ ಅದು ಸುಟ್ಟು ಪುಡಿಯಾಗುತ್ತದೆ. ಸೈಲೆನ್ಸರ್ ಪೇಸ್ಟ್ ಅಂತಲೇ ಸಿಗುತ್ತದೆ, ಅದು ಬಿಸಿಗೆ ಗಟ್ಟಿಯಾಗುತ್ತದೆ. ಆದರೆ ಅದೂ ಹಿಂದಿನ ಪೈಪ್ ಜಾಯಿಂಟಿಗೆ ಮಾತ್ರ.

ವಾಸನೆ ಬಗ್ಗೆ ಒಂದು ಮಾತು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಪೆಟ್ರೋಲ್ ಗಾಡಿಗಿಂತ ಡೀಸೆಲ್‌ನಲ್ಲಿ ಕಡಿಮೆ, ಆದರೂ ಇದೆ. ಸಕಲೇಶಪುರದ ಚಳಿಗೆ ಗ್ಲಾಸ್ ಏರಿಸಿ, ಇಂಜಿನ್ ಓಡುತ್ತಿರುವಾಗಲೇ ಕ್ಲೀನರ್ ಹುಡುಗ ಒಳಗೆ ಮಲಗುವುದುಂಟು, ಅಲ್ವಾ? ಇದು ಸರಿಯಾಗುವವರೆಗೆ ಅದು ಬೇಡವೇ ಬೇಡ. ತಲೆನೋವು, ಮಂಪರು ಬಂದರೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ.

ಮಲ್ನಾಡ್ 407:
ನೋಡಿದೆ ಸರ್. ಕೊನೇ ಸಿಲಿಂಡರ್ ಹತ್ತಿರ ಒಂದು ಸ್ಟಡ್ (ಮ್ಯಾನಿಫೋಲ್ಡನ್ನು ಹೆಡ್‌ಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟು) ನಟ್ ಸಮೇತ ಮಾಯ! ಮುರಿದ ತುಂಡು ಹೆಡ್ ಒಳಗೇ ಇದೆ. ಸುತ್ತ ಅಂಗೈ ಅಗಲ ಮಸಿ. ಕೆಳಗೆ ಸೈಲೆನ್ಸರ್ ಕಡೆ ಹೋಗುವ ಬೆಂಡ್ ಪೈಪಿನ ಫ್ಲೇಂಜ್ (ಬೋಲ್ಟ್ ಹಾಕುವ ಅಂಚು) ಪಕ್ಕ ವೆಲ್ಡಿಂಗ್ ಮೇಲೂ ಒಂದು ಬಿರುಕು. ಅದು ಹಿಂದೆ ಒಮ್ಮೆ ಬೆಸುಗೆ ಹಾಕಿಸಿದ ಜಾಗವೇ.

ಲೇತ್ ಶೆಡ್:
ತುದಿಯ ಸ್ಟಡ್ಡೇ ಮುರಿಯುವುದು ಜಾಸ್ತಿ. ಮ್ಯಾನಿಫೋಲ್ಡ್ ಉದ್ದಕ್ಕೆ ಹಿಗ್ಗಿ ಕುಗ್ಗಿ ತುದಿಯನ್ನೇ ಎಳೆಯುತ್ತದೆ.

ಉಳಿದ ನಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಲ ಹಾಕಿ ಒಂದೇ ಕಡೆ ತಿರುಗಿಸಬೇಡಿ, ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಿ. ಮುರಿದ ಸ್ಟಡ್ ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಕೂರಿಸಿ, ನಟ್‌ನ ತೂತಿನೊಳಗೆ ವೆಲ್ಡ್ ತುಂಬಿಸಿ. ಆ ಬಿಸಿಗೇ ಒಳಗಿನ ತುಕ್ಕು ಸಡಿಲ ಆಗುತ್ತದೆ. ಕೆಂಪು ಇಳಿದ ಮೇಲೆ, ಇನ್ನೂ ಬಿಸಿ ಇರುವಾಗ, ಮೆಲ್ಲಗೆ ಅತ್ತ ಇತ್ತ ಆಡಿಸಿ ಬಿಚ್ಚಿ. ಒಳಗೇ ಮುರಿದಿದ್ದರೆ ಸರಿಯಾಗಿ ನಡುವಿಗೆ ಡ್ರಿಲ್ ಹಾಕಬೇಕು. ಅದು ಕೈ ಡ್ರಿಲ್‌ನಲ್ಲಿ ಅಂದಾಜಿಗೆ ಮಾಡುವ ಕೆಲಸ ಅಲ್ಲ, ಗೊತ್ತಿರುವವರ ಕೈಲಿ ಮಾಡಿಸಿ. ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರ್ ತೆಗೆಯದಿದ್ದರೆ ಆಲ್ಟರ್ನೇಟರ್‌ಗೆ ಏಟು ಬೀಳಬಹುದು.

ಮ್ಯಾನಿಫೋಲ್ಡ್ ಹೊರಗೆ ಬಂದ ಮೇಲೆ ಸುಮ್ನೆ ಹೊಸ ಗ್ಯಾಸ್ಕೆಟ್ ಹಾಕಿ ಬಿಗಿಯಬೇಡಿ. ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ಬಾಗಿದ್ದರೆ ಫೇಸಿಂಗ್ (ಮುಖ ಉಜ್ಜಿ ಸಮ ಮಾಡುವುದು) ಮಾಡಿಸಿ, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಬೇಗ ಹಾರಿಹೋಗುತ್ತದೆ. ಮ್ಯಾನಿಫೋಲ್ಡೇ ಬಿರುಕು ಬಿಟ್ಟಿದ್ದರೆ ಮಾಮೂಲಿ ವೆಲ್ಡಿಂಗ್ ರಾಡ್ ಎರಕದ ಕಬ್ಬಿಣಕ್ಕೆ ನಿಲ್ಲುವುದಿಲ್ಲ. 407 ಮಾಲು ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಬೇರೆ ಮ್ಯಾನಿಫೋಲ್ಡ್ ತಂದುಬಿಡಿ.

ಬಿಗಿಯುವಾಗ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಿ, ಎರಡು ಮೂರು ಸುತ್ತಿನಲ್ಲಿ. ಒಂದೇ ಸಲ ಪೂರ್ತಿ ಬಿಗಿಯಬೇಡಿ.

ಹಳೇ ಸ್ಪ್ಯಾನರ್:
ಇದೆಲ್ಲ ಸರಿ. ಆದರೆ ನನಗೆ ಅನುಮಾನ ಆ ಬೆಂಡ್ ಪೈಪಿನ ಮೇಲೆ. ಬೆಸುಗೆ ಹಾಕಿದ ಜಾಗದಲ್ಲೇ ಮತ್ತೆ ಬಿಟ್ಟಿದೆ ಅಂದರೆ ಪೈಪನ್ನು ಏನೋ ಎಳೆಯುತ್ತಿದೆ. ಇಂಜಿನ್ ಆಫ್ ಮಾಡುವಾಗ ಒಬ್ಬರು ಪಕ್ಕ ನಿಂತು ನೋಡಿ. ಜೋರಾಗಿ ಕುಲುಕಿದರೆ ಇಂಜಿನ್ ಕೂರುವ ಮೌಂಟಿಂಗ್ ರಬ್ಬರ್ ಹೋಗಿದೆ. ಹೊಸ ಸೈಲೆನ್ಸರ್ ಕೂರಿಸುವಾಗ ಅದನ್ನು ತೂಗುಹಾಕುವ ಹ್ಯಾಂಗರ್ ರಬ್ಬರ್ ಹಾಕಿದರಾ, ಇಲ್ಲ ಕಂಬಿ ಕಟ್ಟಿ ಬಿಟ್ಟರಾ?

ಮಲ್ನಾಡ್ 407:
ಕಂಬಿ ಸರ್ 😅 ಚಾಸಿಗೆ ಬಿಗಿಯಾಗಿ ಕಟ್ಟಿದ್ದಾರೆ. ಒಂದು ಕಡೆ ಮೌಂಟಿಂಗ್ ರಬ್ಬರ್ ಕೂಡ ಸೀಳಿ ಎರಡು ಪದರ ಆಗಿದೆ, ಸ್ಕ್ರೂ ಡ್ರೈವರ್ ತೂರುತ್ತದೆ.

ಹಳೇ ಸ್ಪ್ಯಾನರ್:
ಸಿಕ್ಕಿತು ನೋಡಿ. ಇಂಜಿನ್ ಆಡುತ್ತದೆ, ಸೈಲೆನ್ಸರ್ ಆಡುವುದಿಲ್ಲ, ನಡುವೆ ಇರುವ ಪೈಪು ಸ್ಟಡ್ಡು ಸಾಯುತ್ತವೆ. ಮೌಂಟಿಂಗ್, ಹ್ಯಾಂಗರ್ ಎರಡೂ ಹಾಕಿದ ಮೇಲೇ ಪೈಪ್ ಕೂರಿಸಿ. ಪೈಪನ್ನು ಬಿರುಕಿನ ಮೇಲೆ ಮತ್ತೆ ಬೆಸೆಯಬೇಡಿ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಸೇರಿಸಿ. ನೀರಿನ ಜಿಐ ಪೈಪ್ ಬೇಡ, ಅದರ ಸತುವು ಸುಟ್ಟಾಗ ಬರುವ ಹೊಗೆ ಕುಡಿದರೆ ವೆಲ್ಡರ್‌ಗೆ ಚಳಿ ಜ್ವರ ಬರುತ್ತದೆ.

ಮಲ್ನಾಡ್ 407:
ಎಲ್ಲ ಮುಗಿಯಿತು. ಸ್ಟಡ್ ನಟ್ ವೆಲ್ಡ್ ಮಾಡಿದ ಮೇಲೆ ಬಂತು. ಮ್ಯಾನಿಫೋಲ್ಡ್ ಒಂದು ತುದಿಯಲ್ಲಿ ಬಾಗಿತ್ತು, ಫೇಸಿಂಗ್ ಮಾಡಿಸಿದೆ. ಮೌಂಟಿಂಗ್, ಹ್ಯಾಂಗರ್ ಹೊಸದು. ಕ್ಯಾಬಿನ್‌ನಲ್ಲಿ ಈಗ ಮೊಬೈಲ್ ರಿಂಗ್ ಕೇಳಿಸುತ್ತದೆ. ಆದರೆ ಹಿಂದಿನ ಹೊಗೆ ಮಾತ್ರ ಸ್ವಲ್ಪ ಕಪ್ಪು. ಎಫ್‌ಸಿಗೆ ತೊಂದರೆ ಆಗುತ್ತಾ?

ಲೇತ್ ಶೆಡ್:
ಕಪ್ಪು ಹೊಗೆಗೂ ಈ ಲೀಕಿಗೂ ಸಂಬಂಧ ಇಲ್ಲ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಆಮೇಲೆ ಡೀಸೆಲ್ ಚಿಮ್ಮಿಸುವ ನಾಝಲ್ ಚೆಕ್ ಮಾಡಿಸಿ. ನಿಮ್ಮ ಕಾಲದ ಡೀಸೆಲ್ ಗಾಡಿಗೆ ಹೊಗೆ ಟೆಸ್ಟ್‌ನಲ್ಲಿ 65 ಎಚ್‌ಎಸ್‌ಯು (ಹೊಗೆಯ ಕಪ್ಪು ಅಳೆಯುವ ಮಾನ) ಒಳಗೆ ಬರಬೇಕು. ಎಫ್‌ಸಿಗೆ ಮುಂಚೆ ಎಮಿಷನ್ ಸೆಂಟರ್‌ನಲ್ಲಿ ಒಮ್ಮೆ ನೋಡಿಸಿಬಿಡಿ. ಮತ್ತೆ ಒಂದೆರಡು ಲೋಡ್ ಹೊಡೆದ ಮೇಲೆ, ಇಂಜಿನ್ ಪೂರ್ತಿ ತಣ್ಣಗಾದಾಗ, ಮ್ಯಾನಿಫೋಲ್ಡ್ ನಟ್‌ಗಳಿಗೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ. ಹೊಸ ಗ್ಯಾಸ್ಕೆಟ್ ಕೂತ ಮೇಲೆ ಅವು ಸ್ವಲ್ಪ ಸಡಿಲ ಆಗಿರುತ್ತವೆ.