ಸಿಗರೇಟ್ ಬಿಡಿ ಅಂತ ನಮ್ಮ ಹುಡುಗಿಯರಿಗೆ ಹೇಗೆ ಹೇಳೋದು?

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನನಗೆ 27. ಊರು ಸಕಲೇಶಪುರದ ಹತ್ತಿರ, ಈಗ ಬೆಂಗಳೂರು. ನಾನು ಲೆಸ್ಬಿಯನ್. ನನ್ನ ಹುಡುಗಿ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಓನರ್ ಆಂಟಿ ಲೆಕ್ಕದಲ್ಲಿ ನಾವಿಬ್ಬರೂ ಆಫೀಸ್ ಫ್ರೆಂಡ್ಸ್. ನಮ್ಮಂಥ ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಅಡುಗೆ, ಅಂತ್ಯಾಕ್ಷರಿ, ಒಂದು ಜಗಳ, ಆಮೇಲೆ ಬಾಲ್ಕನಿ. ಕಳೆದ ಸಲ ಎಲ್ಲರೂ ಹೋದ ಮೇಲೆ ದೊಡ್ಡಪತ್ರೆ ಕುಂಡದಲ್ಲಿದ್ದ ಸಿಗರೇಟ್ ಮೋಟು ಎಣಿಸಿದೆ. 31. ತುಳಸಿ ಕುಂಡಕ್ಕೆ ಯಾರೂ ಹಾಕಿರಲಿಲ್ಲ, ಅಷ್ಟು ಸಂಸ್ಕಾರ ಇದೆ.

2016-17ರ ಸರ್ಕಾರಿ ಸಮೀಕ್ಷೆಯಲ್ಲಿ ದೇಶದಲ್ಲಿ ಸೇದುವ ಹೆಂಗಸರು ನೂರಕ್ಕೆ ಇಬ್ಬರು ಅಂತಿದೆ. ನಮ್ಮ ಬಾಲ್ಕನಿಯಲ್ಲಿ ಹನ್ನೆರಡಕ್ಕೆ ಏಳು. ಒಬ್ಬಳಿಗೆ ಈಗಾಗಲೇ ಮೆಟ್ಟಿಲು ಹತ್ತಿದರೆ ಉಬ್ಬಸ. ನಾನು ಡಿಸೈನರ್ ಅಲ್ವಾ, ನಮ್ಮ ವಾಟ್ಸಾಪ್ ಗ್ರೂಪಿಗೆ ನಾಲ್ಕು ಕಾರ್ಡ್ ಮಾಡು ಅಂತ ನನಗೇ ಅಂಟಿಸಿದರು.

ಮೊದಲನೇ ಕಾರ್ಡಿನಲ್ಲಿ ಕಪ್ಪು ಶ್ವಾಸಕೋಶ ಹಾಕಿದೆ. ಯಾರೂ ತಿರುಗಿ ನೋಡಲಿಲ್ಲ. ಪ್ಯಾಕೆಟ್ ಮೇಲೆ ನೂರಕ್ಕೆ 85 ಭಾಗ ಅದೇ ಥರದ ಚಿತ್ರ, ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಎರಡನೆಯದಕ್ಕೆ ಹೆಂಗಸರಿಗೆ ಅಂತ ಯಾರು ಯಾರು ಏನೇನು ಬರೆದಿದ್ದಾರೆ ಅಂತ ಹುಡುಕಿದೆ. ಎಲ್ಲ ಕಡೆ ಬಸುರಿ ಹೊಟ್ಟೆ. ಇಲ್ಲದಿದ್ದರೆ ಮುಖ ಸುಕ್ಕಾಗುತ್ತದೆ, ತುಟಿ ಕಪ್ಪಾಗುತ್ತದೆ, ಯಾರು ಮದುವೆ ಆಗುತ್ತಾರೆ. ಅದನ್ನು ಗ್ರೂಪಿನಲ್ಲಿ ಓದಿದಾಗ ಒಬ್ಬಳು "ಸೇದಿದರೆ ಮದುವೆ ಆಗಲ್ವಾ? ಹಾಗಾದರೆ ಇನ್ನೊಂದು ಕೊಡು" ಅಂದಳು. ಮನೇಲಿ ಅವಳಿಗೆ ಮೂರನೇ ಗಂಡು ನೋಡುತ್ತಿದ್ದಾರೆ. ನಕ್ಕೆವು, ಆದರೆ ಅವಳು ನಿಜವಾಗಿಯೂ ಇನ್ನೊಂದು ಹಚ್ಚಿದಳು.

ಮೂರನೆಯದರಲ್ಲಿ ನಮ್ಮಂಥವರ ಬಾವುಟದ ಕಾಮನಬಿಲ್ಲು, ಮುರಿದ ಸಿಗರೇಟ್. ಚೆನ್ನಾಗಿದೆ ಅಂದರು. ಯಾರೂ ಫೋನಲ್ಲಿ ಇಟ್ಟುಕೊಳ್ಳಲಿಲ್ಲ. ಅಮ್ಮ ಫೋನ್ ನೋಡುತ್ತಾರೆ, ತಮ್ಮ ನೋಡುತ್ತಾನೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರ್ 6, ನಮ್ಮಂಥವರ ಪ್ರೀತಿ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟಿನ 377 ತೀರ್ಪು ಬಂದ ದಿನ. ನಾನು ಡಿಗ್ರಿ ಓದುತ್ತಿದ್ದೆ. ಸೀನಿಯರ್ ಒಬ್ಬಳು ಕಾಲೇಜ್ ಹಿಂದಿನ ಗೂಡಂಗಡಿಗೆ ಕರೆದುಕೊಂಡು ಹೋದಳು. ಟೀ ಹೇಳಿದಳು. ಆಮೇಲೆ ನನ್ನ ಮುಖ ನೋಡದೆ "ನಿನಗೆ ಖುಷಿ ಆಯ್ತಾ?" ಅಂತ ಕೇಳಿದಳು. ನಾನು ಹೂಂ ಅಂದೆ. ತಾನು ಅರ್ಧ ಸೇದಿದ್ದನ್ನು ನನ್ನ ಕೈಗೆ ಕೊಟ್ಟಳು. ಅದರ ತುದಿಯಲ್ಲಿ ಅವಳ ಲಿಪ್ ಬಾಮ್ ಅಂಟಿತ್ತು. ಅವಳೂ ನನ್ನ ಹಾಗೇ ಅಂತ ಗೊತ್ತಾಗಿದ್ದು ಹೀಗೆ. ಅಂಥದ್ದನ್ನು 'ಹಾನಿಕರ' ಅನ್ನುವ ಒಂದು ಪದದಿಂದ ಬಿಡಿಸಲಿಕ್ಕೆ ಆಗುತ್ತಾ?

ನಾಲ್ಕನೇ ಕಾರ್ಡಿನಲ್ಲಿ ಏನು ಬರೆಯಲಿ? ನಮಗೇ ಅಂತ ಬೇರೆ ಮಾಡೋದರಲ್ಲಿ ಅರ್ಥ ಇದೆಯಾ? ಸೇದಿ ಬಿಟ್ಟವರು ಇದ್ದರೆ ದಯವಿಟ್ಟು ಹೇಳಿ.

ಧಾರವಾಡ_ಫೇಡೆ

ತಂಗಿ, ಬೇಜಾರು ಮಾಡ್ಕೋಬೇಡಿ. ಹೊಗೆಗೆ ನೀವು ಯಾರನ್ನ ಪ್ರೀತಿಸ್ತೀರಿ ಅಂತ ಗೊತ್ತಿರುತ್ತಾ? ನನಗೆ ಬಂದ ಕೆಮ್ಮೇ ನಿಮಗೂ ಬರುತ್ತದೆ. ಇವತ್ತು ನಿಮಗೊಂದು ಕಾರ್ಡು, ನಾಳೆ ಬ್ಯಾಂಕ್ ನೌಕರರಿಗೊಂದು ಕಾರ್ಡು. ಒಂದೇ ಮಾತು ಎಲ್ಲರಿಗೂ ಸಾಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಮದುವೆ ಜೋಕಿಗೆ ನಕ್ಕೆ, ಸುಳ್ಳು ಹೇಳಲ್ಲ.

ಬಾಸ್ಟನ್_ಬಿಸಿಬೇಳೆ

ಫೇಡೆಯವರೇ, ಹೊಗೆಗೆ ಗೊತ್ತಿಲ್ಲ ನಿಜ. ಮಾರುವವರಿಗೆ ಗೊತ್ತಿತ್ತು! ನಾನಿಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಿದ್ದೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

1929ರ ಈಸ್ಟರ್ ಮೆರವಣಿಗೆಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಹುಡುಗಿಯರ ಕೈಯಲ್ಲಿ ಸಿಗರೇಟ್ ಹಚ್ಚಿಸಿದರು. ಅದನ್ನು 'ಸ್ವಾತಂತ್ರ್ಯದ ಪಂಜು' ಅಂತ ಕರೆದರು. ಹಿಂದೆ ಇದ್ದಿದ್ದು ಎಡ್ವರ್ಡ್ ಬರ್ನೇಸ್ ಅನ್ನುವ ಪ್ರಚಾರದ ಮನುಷ್ಯ, ಕಾಸು ಅಮೆರಿಕನ್ ಟೊಬ್ಯಾಕೊ ಕಂಪನಿಯದು. 1968ರಲ್ಲಿ ಹೆಂಗಸರಿಗೇ ಅಂತ ವರ್ಜೀನಿಯಾ ಸ್ಲಿಮ್ಸ್ ಬಂತು. ಅದೂ ಸ್ತ್ರೀ ಸ್ವಾತಂತ್ರ್ಯದ ಹೆಸರಿನಲ್ಲೇ. 1990ರ ದಶಕದಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇ ಜನರಿಗೂ ಮನೆಯಿಲ್ಲದವರಿಗೂ ಸಿಗರೇಟ್ ಮಾರಲಿಕ್ಕೆ ಒಂದು ಯೋಜನೆ ಹಾಕಿತು. ಅದರ ಹೆಸರು 'ಪ್ರಾಜೆಕ್ಟ್ ಸ್ಕಮ್'. ಸ್ಕಮ್ ಅಂದರೆ ಕೊಳಕು ನೊರೆ, ಜನಕ್ಕೆ ಅಂದರೆ ಹೊಲಸು ಅಂತ ಬೈಗುಳ. ಕಂಪನಿಯ ಕಾಗದಗಳು ಆಮೇಲೆ ಹೊರಗೆ ಬಂದವು, ಈಗ ಯಾರು ಬೇಕಾದರೂ ಓದಬಹುದು. ನಾನು ಮೊದಲ ಸಲ ಓದಿದಾಗ ಲೈಬ್ರರಿಯಲ್ಲಿ ಕೂತು ಕನ್ನಡದಲ್ಲೇ ಬೈದೆ.

ಅಂದರೆ ಬೇರೆ ಬೇರೆಯಾಗಿ ಮಾತಾಡಿಸಲಿಕ್ಕೆ ಶುರು ಮಾಡಿದ್ದು ಅವರೇ. ಬಿಡಿಸುವವರು ತಡವಾಗಿ ಎದ್ದರು. ಇಲ್ಲಿನ ಸರ್ಕಾರದ ಆಹಾರ, ಔಷಧ ಇಲಾಖೆ ಎಫ್‌ಡಿಎ 2016ರಲ್ಲಿ 18ರಿಂದ 24ರ ವಯಸ್ಸಿನ, ಲೆಸ್ಬಿಯನ್, ಗೇ ಮುಂತಾದ ಕ್ವಿಯರ್ ಹುಡುಗ ಹುಡುಗಿಯರಿಗೆ 'ದಿಸ್ ಫ್ರೀ ಲೈಫ್' ಅಂತ ಪ್ರಚಾರ ಮಾಡಿತು. ಆಗೊಮ್ಮೆ ಈಗೊಮ್ಮೆ ಸೇದುವವರನ್ನು ಹಿಡಿಯೋದು ಅದರ ಉದ್ದೇಶ. ಯಾಕೆಂದರೆ ಅವರು ತಮ್ಮನ್ನು ಸೇದುವವರು ಅಂತಲೇ ಅಂದುಕೊಂಡಿರುವುದಿಲ್ಲ. ಇಲ್ಲಿ ಲೆಸ್ಬಿಯನ್ ಹುಡುಗಿಯರು, ಬೈಸೆಕ್ಷುಯಲ್ (ಹುಡುಗ ಹುಡುಗಿ ಇಬ್ಬರನ್ನೂ ಇಷ್ಟಪಡುವ) ಹುಡುಗಿಯರು ಉಳಿದ ಹುಡುಗಿಯರಿಗಿಂತ ಜಾಸ್ತಿ ಸೇದುತ್ತಾರೆ ಅಂತ ಮತ್ತೆ ಮತ್ತೆ ಕಂಡುಬಂದಿದೆ. ಮನೆಯವರ ಒತ್ತಡ ಒಂದು ಕಾರಣ. ಬಹಳ ವರ್ಷ ಧೈರ್ಯವಾಗಿ ಸೇರುವ ಜಾಗ ಅಂತ ಇದ್ದಿದ್ದು ಬಾರ್ ಮಾತ್ರ, ಅದು ಇನ್ನೊಂದು.

ಆದರೆ ಗೆಳತಿ, ಇಲ್ಲಿಂದ ಕಾಪಿ ಮಾಡಬೇಡ. ಇಲ್ಲಿಯದು ಬಾರಿನ ಕಥೆ, ನಿಮ್ಮದು ಗೂಡಂಗಡಿ ಕಥೆ. ಇಲ್ಲಿ ಬಾವುಟ ಹಿಡಿದ ಪೋಸ್ಟರ್ ನಡೆಯುತ್ತದೆ. ಅಲ್ಲಿ ಅದೇ ಬಾವುಟ ಹುಡುಗಿಯ ಗುಟ್ಟು ಹೊರಗೆ ಹಾಕುತ್ತದೆ. ಇನ್ನೊಂದು, 'ಪಾಪ, ನಿಮಗೆ ಕಷ್ಟ ಜಾಸ್ತಿ, ಅದಕ್ಕೇ ಸೇದುತ್ತೀರಿ' ಅನ್ನುವ ಧಾಟಿ ಬೇಡವೇ ಬೇಡ. ನನಗೆ ಅದನ್ನು ಓದಿದರೇ ಸೇದಬೇಕು ಅನ್ನಿಸುತ್ತದೆ, ನಾನು ಸೇದುವವಳೂ ಅಲ್ಲ.

ನಂಜನಗೂಡು_ರಸಬಾಳೆ

ಮಗಳೇ, ನನಗೆ 48. ಇಪ್ಪತ್ತು ವರ್ಷ ಸೇದಿ ಬಿಟ್ಟವಳು. ಬಿಟ್ಟು ಆರು ವರ್ಷ ಆಯಿತು. ಗೆಳತಿ ಜೊತೆ ಅದಕ್ಕಿಂತ ಹಳೇ ಸಂಸಾರ.

ನಾನು ಹೋದ ಕಡೆ ಡಾಕ್ಟರು "ಗಂಡ ಏನಂತಾರೆ? ಮಕ್ಕಳ ಮುಖ ನೋಡಿ ಬಿಡಿ" ಅಂದರು. ಒಳ್ಳೆಯ ಮನುಷ್ಯರೇ. ಆದರೆ ಎರಡೂ ಇಲ್ಲದವಳು ಏನು ಹೇಳಲಿ? ಹೂಂ ಅಂದು ಎದ್ದು ಬಂದೆ. ಆಮೇಲೆ ಒಂದು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ಫೇಡೆಯವರೇ, 'ಒಂದೇ ಮಾತು ಎಲ್ಲರಿಗೂ' ಅಂದಿರಲ್ಲ, ಆ ಒಂದು ಮಾತು ಯಾವಾಗಲೂ ಗಂಡ ಮಕ್ಕಳ ಮಾತೇ ಆಗಿರುತ್ತದೆ.

ಕಾರ್ಡಿನಲ್ಲಿ ಕೆಲಸಕ್ಕೆ ಬರುವುದನ್ನು ಹಾಕು. ತಂಬಾಕು ಬಿಡಿಸುವ ಸಹಾಯವಾಣಿ 1800-11-2356, ಪ್ಯಾಕೆಟ್ ಮೇಲೇ ಇದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಿಕೋಟಿನ್ ಗಮ್ ಬಗ್ಗೆ ಬರೆ. ಅದನ್ನು ಚೂಯಿಂಗ್ ಗಮ್ ಥರ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳೆಸುವುದು. ನಿಧಾನವಾಗಿ ಅಗಿದು, ಖಾರ ಬಂದ ಕೂಡಲೇ ಎಲೆಅಡಿಕೆ ಹಾಗೆ ಕೆನ್ನೆಯಲ್ಲಿ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯೋದು. ನನಗೆ ಮೊದಲ ಮೂರು ದಿನ ನರಕ. ಬೇಕು ಬೇಕು ಅನ್ನಿಸುವುದು ಪ್ರತಿ ಸಲ ಐದೇ ನಿಮಿಷ, ಆದರೆ ಆ ಐದು ನಿಮಿಷಕ್ಕೆ ಕೈಗೆ ಏನಾದರೂ ಬೇಕು.

ನಾನು ಮಾಡಿದ ತಪ್ಪು ಟೀ ಅಂಗಡಿಗೆ ಹೋಗೋದನ್ನೇ ನಿಲ್ಲಿಸಿದ್ದು. ಸಿಗರೇಟ್ ಜೊತೆ ಗೆಳತಿಯರೂ ಹೋದರು. ಹನ್ನೊಂದನೇ ದಿನಕ್ಕೆ ಮತ್ತೆ ಹಚ್ಚಿದೆ. ಎರಡನೇ ಸಲ ಅಂಗಡಿಗೆ ಹೋದೆ, ಅದೇ ಕಲ್ಲುಬೆಂಚಿನ ಮೇಲೆ ಕೂತೆ. ಸಿಗರೇಟ್ ಹಿಡಿಯುತ್ತಿದ್ದ ಬಲಗೈಯಲ್ಲಿ ಟೀ ಲೋಟ ಹಿಡಿದೆ. ಬಿಸಿ ಲೋಟ, ಬೆರಳು ಬೇರೆ ಏನನ್ನೂ ಕೇಳಲಿಲ್ಲ.

ಧಾರವಾಡ_ಫೇಡೆ

ರಸಬಾಳೆ ಅಕ್ಕ, ಗಂಡ ಮಕ್ಕಳ ವಿಷಯ ನನಗೆ ಹೊಳೆದಿರಲಿಲ್ಲ. ನನಗೂ ಡಾಕ್ಟರು "ಹೆಂಡ್ತಿ ಮುಖ ನೋಡಿ ಬಿಡಿ" ಅಂದಿದ್ದರು. ನನಗೆ ನಾಟಿತ್ತು.

'ಬೇಕು ಬೇಕು ಅನ್ನಿಸುವುದು' ಅಂತ ಇಷ್ಟುದ್ದ ಯಾಕೆ? ನಮ್ಮ ಕಡೆ 'ತಲಬು' ಅಂತೀವಿ. ಮೂರಕ್ಷರ, ಕಾರ್ಡಿನಲ್ಲಿ ಕೂರುತ್ತದೆ.

ಹೇಮಾವತಿ_ದಡ

ಫೇಡೆಯಣ್ಣ, ತಲಬು ಕದ್ದೆ!

ಎಲ್ಲರ ಮಾತು ಓದಿ ನಿನ್ನೆ ರಾತ್ರಿ ಕೂತೆ. ಬಾವುಟ ಇಲ್ಲ, ಶ್ವಾಸಕೋಶ ಇಲ್ಲ. ಕಲ್ಲುಬೆಂಚು, ಎರಡು ಟೀ ಲೋಟ, ಎರಡು ಜೊತೆ ಚಪ್ಪಲಿ. ಕೆಳಗೆ: 'ತಲಬು ಐದು ನಿಮಿಷ. ನೀನು ಮಾತಾಡ್ತಾ ಇರು, ನಾನು ಕೇಳ್ತೀನಿ.' ಚಿಕ್ಕದಾಗಿ ಆ ನಂಬರ್. ಅಮ್ಮ ನೋಡಿದರೂ ಟೀ ಅಂಗಡಿ ಜಾಹೀರಾತು ಅಂದುಕೊಳ್ಳಬೇಕು. ಪ್ರಾಜೆಕ್ಟ್ ಸ್ಕಮ್ ವಿಷಯ ಕಾರ್ಡಿಗೆ ಹಾಕಲಿಲ್ಲ, ಗ್ರೂಪಿನಲ್ಲಿ ವಾಯ್ಸ್ ನೋಟ್ ಮಾಡಿದೆ. ಮೂರನೇ ಗಂಡಿನ ಹುಡುಗಿ ಮೂರು ಸಲ ಕೇಳಿ, ನಮ್ಮನ್ನ ಹಾಗಂದ್ರಾ ಅಂತ ಸಿಟ್ಟಾದಳು. ಶ್ವಾಸಕೋಶದ ಚಿತ್ರ ನೋಡಿದಾಗ ಅವಳಿಗೆ ಆಕಳಿಕೆ ಬಂದಿತ್ತು.

ನನ್ನ ಹುಡುಗಿಗೆ ತೋರಿಸಿದೆ. ಅವಳು ಇನ್ನೊಂದು ಬರೆದಿದ್ದಾಳೆ. ಈಗ ಕರ್ನಾಟಕದಲ್ಲಿ ಸಿಗರೇಟನ್ನು ಒಂದೊಂದೇ ಬಿಡಿಯಾಗಿ ಮಾರುವಂತಿಲ್ಲ ಅಲ್ವಾ, ನಮ್ಮ ಗೂಡಂಗಡಿಯಲ್ಲಿ ಆರಾಮಾಗಿ ಸಿಗುತ್ತದೆ. ಅದಕ್ಕೆ ಅವಳ ಕಾರ್ಡು: 'ಬಿಡಿ ಸಿಗರೇಟ್. ಸಿಗರೇಟ್ ಬಿಡಿ.' ಡಿಸೈನರ್ ನಾನು, ಹಿಟ್ ಆಗೋದು ಅವಳದ್ದು.

ಮುಂದಿನ ಭಾನುವಾರ ಮತ್ತೆ ನಮ್ಮನೆಯಲ್ಲೇ. ದೊಡ್ಡಪತ್ರೆ ಕುಂಡ ಖಾಲಿ ಮಾಡಿ ಇಟ್ಟಿದ್ದೇನೆ. ಸೋಮವಾರ ಎಣಿಸಿ ಇಲ್ಲೇ ಹಾಕುತ್ತೇನೆ. ನನ್ನದೂ ಸೇರಿಸಿ.