ಸಹಾಯ ಬೇಕು: ಕ್ರಿಸ್ಮಸ್‌ಗೆ ಉಗಾಂಡಾಕ್ಕೆ ಹೊರಟಿದ್ದೇವೆ, ಕುಸ್ವಾರ್ (ನಮ್ಮ ಕಡೆಯ ಕ್ರಿಸ್ಮಸ್ ತಿಂಡಿಗಳು) ಹಾಳಾಗದ ಹಾಗೆ ಒಯ್ಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರಿನವರು. ನನ್ನ ಚಿಕ್ಕಮ್ಮ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ), ಉಗಾಂಡಾದ ಫೋರ್ಟ್ ಪೋರ್ಟಲ್ ಕಡೆ ಮಿಷನ್ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಈ ಸಲ ಕ್ರಿಸ್ಮಸ್‌ಗೆ ಅಮ್ಮನನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಿದ್ದೇನೆ.

ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಿರಬೇಕು, ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಕಾರ್ಡ್ ಇಲ್ಲದಿದ್ದರೆ ವಾಪಸ್ ಬರುವಾಗಲೂ ತೊಂದರೆ ಅಂತ ಗೊತ್ತು. ಆದರೆ ಅಮ್ಮನಿಗೆ 68 ವರ್ಷ. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮೊದಲು ಡಾಕ್ಟರು ಜಾಸ್ತಿ ಯೋಚನೆ ಮಾಡುತ್ತಾರಂತೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಹಾಕಿಸಿಕೊಂಡಿದ್ದಾರಾ? ಮಲೇರಿಯಾ ಮಾತ್ರೆ ಹೊಟ್ಟೆಗೆ ಹೇಗೆ ಒಗ್ಗಿತು?

ಅಮ್ಮನಿಗೆ ಇದ್ಯಾವುದರ ಚಿಂತೆಯೂ ಇಲ್ಲ. ಅವರದ್ದು ಕುಸ್ವಾರ್ ಚಿಂತೆ! ಕಿಡ್ಯೊ, ಗುಳಿಯೊ ತಡೆದುಕೊಳ್ಳುತ್ತವೆ. ಒಳಗೆ ಎಳ್ಳಿನ ಹೂರಣ ತುಂಬಿದ ನೆವ್ರಿ ಮಾತ್ರ ಮುಟ್ಟಿದರೆ ಒಡೆಯುತ್ತದೆ, ಎಳ್ಳೆಲ್ಲ ಡಬ್ಬಿಯ ತಳದಲ್ಲಿ. ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಸುಮಾರು 300 ಕಿ.ಮೀ. ರಸ್ತೆ ಬೇರೆ. ಸ್ಟೀಲ್ ಡಬ್ಬಿಯೋ, ಬಿಸ್ಕೆಟ್ ಟಿನ್ನೋ? ಕಸ್ಟಮ್ಸ್‌ನಲ್ಲಿ ತೆಗೆಸಿ ನೋಡುತ್ತಾರಾ?

ಇನ್ನೊಂದು. ಸಮಭಾಜಕದ ಹತ್ತಿರದ ಊರು ಅಂತ ಬರೀ ಕಾಟನ್ ಬಟ್ಟೆ ತುಂಬಿದ್ದೆ. ಊರು 1,500 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಅಂತ ಚಿಕ್ಕಮ್ಮ ನಕ್ಕರು. ನಡುರಾತ್ರಿ ಪೂಜೆಗೆ ಒಂದು ಸ್ವೆಟರ್ ಸಾಕಲ್ವಾ?

ಹೋಗಿ ಬಂದವರು ದಯವಿಟ್ಟು ತಿಳಿಸಿ.