ಹತ್ತು ವರ್ಷದ ಮೇಲೆ ದೇವಾಲಯಕ್ಕೆ ಮರಳಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಥಾಣೆಯ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಕಥೋಲಿಕ ಮನೆತನ, ಊರು ಹಾಸನದ ಕಡೆ. ಹತ್ತು ವರ್ಷದಿಂದ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆ ಇಲ್ಲ, ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ ಇಲ್ಲ. ಮರಳುವ ಮನಸ್ಸಿದೆ, ಆದರೆ ಪ್ರಾರ್ಥನೆಗೆ ಕೂತರೆ ಒಳಗೆಲ್ಲ ಖಾಲಿ. ಬದುಕುತ್ತಿರುವುದು ಯಾತಕ್ಕೆ ಅನ್ನುವುದೂ ತಿಳಿಯುತ್ತಿಲ್ಲ. ಇಂಗ್ಲಿಷಿನಲ್ಲಿ ಪಾಪ ಹೇಳಿಕೊಳ್ಳಲು ನಾಲಿಗೆ ಹೊರಳುವುದಿಲ್ಲ. ಬುಧವಾರ ಮುಂಬೈಯ ಮಾಹಿಮ್ ಚರ್ಚಿಗೆ ಹೋಗಿ ಪಾಪನಿವೇದನೆಯ ಸಾಲಲ್ಲಿ ನಿಂತರೆ ಆದೀತೇ?

ಉತ್ತರ: ಬಾಂದ್ರಾ ಜಪಸರ

ಮಾಹಿಮ್‌ನ ಬುಧವಾರದ ನೊವೆನಾ ಪ್ರಾರ್ಥನೆಗೆ ಖಂಡಿತ ಹೋಗಿ. ಆದರೆ ಹತ್ತು ವರ್ಷದ ಪಾಪನಿವೇದನೆಗೆ ಆ ದಿನ ಬೇಡ. ಅಷ್ಟು ಜನರ ನಡುವೆ, ಹಿಂದೆ ನಿಂತವರ ಉಸಿರು ಕತ್ತಿಗೆ ತಾಗುತ್ತಿರುವಾಗ ಅರ್ಧ ಹೇಳಿ ಎದ್ದುಬಿಡುತ್ತೀರಿ. ನಿಮ್ಮ ಧರ್ಮಕೇಂದ್ರದ, ಅಂದರೆ ನಿಮ್ಮ ಭಾಗದ ಚರ್ಚಿನ, ಕಚೇರಿಗೆ ಹೋಗಿ, "ಫಾದರ್, ತುಂಬಾ ವರ್ಷದ ಮೇಲೆ ಬಂದಿದ್ದೇನೆ, ಅರ್ಧ ಗಂಟೆ ಬೇಕು" ಎಂದು ಸಮಯ ಕೇಳಿ. ಇಂಥವರು ಬಂದರೆ ಗುರುಗಳಿಗೆ ಸಂತೋಷವೇ. ಕನ್ನಡ ಬಲ್ಲ ಮಂಗಳೂರು ಕಡೆಯ ಫಾದರ್ ಯಾರಾದರೂ ಇದ್ದಾರೆಯೇ ಎಂದು ಅಲ್ಲೇ ವಿಚಾರಿಸಿ. ಯಾರೂ ಸಿಗದಿದ್ದರೆ ದುಭಾಷಿಯ ಮೂಲಕ ಹೇಳಿಕೊಳ್ಳಲೂ ಧರ್ಮಸಭೆಯ ಕಾನೂನು ಅವಕಾಶ ಕೊಟ್ಟಿದೆ. ಗುಟ್ಟು ಕಾಯುವ ಹೊಣೆ ದುಭಾಷಿಗೂ ಇದೆ.

ಹಿಂದಿನ ರಾತ್ರಿ ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ಎದುರಿಗಿಟ್ಟುಕೊಂಡು ಒಂದು ಚೀಟಿ ಬರೆಯಿರಿ. ಗಂಭೀರ ಪಾಪಗಳಾದರೆ ಯಾವುದು, ಎಷ್ಟು ಸಲ ಎಂಬುದು ಬೇಕು. ನಿಖರ ಲೆಕ್ಕ ನೆನಪಿಲ್ಲದಿದ್ದರೆ "ತಿಂಗಳಿಗೊಮ್ಮೆಯಂತೆ ಸುಮಾರು ಮೂರು ವರ್ಷ" ಎಂದರೆ ಸಾಕು. ಪ್ರಾಮಾಣಿಕವಾಗಿ ಮರೆತದ್ದು ಕ್ಷಮೆಯೊಳಗೇ ಸೇರುತ್ತದೆ, ಮುಂದೆ ನೆನಪಾದಾಗ ಹೇಳಿದರಾಯಿತು. ಬೇಕೆಂದೇ ಒಂದು ಗಂಭೀರ ಪಾಪವನ್ನು ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ವ್ಯರ್ಥ. ಜನ ಎಡವುವ ಇನ್ನೊಂದು ಕಡೆ: ತಮ್ಮ ಪಾಪ ಹೇಳಲು ಹೋಗಿ ಹೆಂಡತಿಯದೋ ಅಣ್ಣನದೋ ತಪ್ಪು ವಿವರಿಸುತ್ತಾ ಕೂರುವುದು. ಚರ್ಚಿನಲ್ಲಲ್ಲದೆ ಬರೀ ರಿಜಿಸ್ಟರ್ ಮದುವೆ ಆಗಿದ್ದರೆ ಅದನ್ನು ಮೊದಲೇ ಹೇಳಿ. ಪರಮಪ್ರಸಾದ ಸ್ವೀಕರಿಸುವ ಮುಂಚೆ ಅದು ಬಗೆಹರಿಯಬೇಕು, ದಾರಿ ಗುರುಗಳು ತೋರಿಸುತ್ತಾರೆ. ಕೊಟ್ಟ ಪ್ರಾಯಶ್ಚಿತ್ತವನ್ನು ಅಂದೇ ಮುಗಿಸಿ. ಮರೆಯದೆ ಚೀಟಿ ಹರಿದುಹಾಕಿ, ಅಂಗಿ ಜೇಬಿನಲ್ಲಿ ಬಿಡಬೇಡಿ.

ಉತ್ತರ: ಪಿಂಪ್ರಿ ಅಕ್ಕ

ನಾವು ಪ್ರೊಟೆಸ್ಟಂಟರು, ಪಾಪನಿವೇದನೆಯ ಕ್ರಮ ಬೇರೆ. ಆ ಖಾಲಿತನದ ಬಗ್ಗೆ ಮಾತ್ರ ಹೇಳುತ್ತೇನೆ.

ಬೈಬಲ್ಲಿನ ಒಂದನೆಯ ಅರಸುಗಳು, 19ನೆಯ ಅಧ್ಯಾಯ ಓದಿ. ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡು ಸಾಯಿಸಿಬಿಡು ಎಂದು ದೇವರನ್ನು ಬೇಡುತ್ತಾನೆ. ದೇವದೂತ ಬಂದು ಬುದ್ಧಿ ಹೇಳುವುದಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗುತ್ತಾನೆ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ನಲವತ್ತು ದಿನದ ನಡಿಗೆ ಆಮೇಲೆ. ನಿದ್ದೆ, ಊಟ ಕೆಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಎರಡು ವಾರವಾದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಿ. ಸಾಯಬೇಕೆನಿಸಿದರೆ ಕಾಯದೆ ಅದೇ ದಿನ ಹೋಗಿ. ಅದು ವಿಶ್ವಾಸದ ಕೊರತೆ ಅಲ್ಲವೇ ಅಲ್ಲ.

ಪ್ರಾರ್ಥನೆಗೆ ದಿನಕ್ಕೆ ಹದಿನೈದು ನಿಮಿಷ ಸಾಕು. ಮೊದಲ ದಿನವೇ ಒಂದು ಗಂಟೆ ಎಂದು ಹಟ ಹಿಡಿದವರು ವಾರದೊಳಗೆ ಬಿಟ್ಟುಬಿಡುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ, ದಿನಕ್ಕೆ ಅರ್ಧ ಅಧ್ಯಾಯದಂತೆ ಒಂದು ತಿಂಗಳು ಬರುತ್ತದೆ. ಸ್ವಲ್ಪ ಗಟ್ಟಿಯಾಗಿ, ಕನ್ನಡದಲ್ಲೇ ಓದಿ, ಚುಚ್ಚಿದ ಒಂದು ಮಾತಿನ ಬಳಿ ನಿಂತುಬಿಡಿ. ಸ್ವಂತ ಮಾತು ಬಾರದ ದಿನ 51ನೆಯ ಕೀರ್ತನೆಯನ್ನು ನಿಧಾನವಾಗಿ ಹೇಳಿಕೊಳ್ಳಿ.

ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ದೀಕ್ಷಾಸ್ನಾನ ಆದದ್ದು 1883ರಲ್ಲಿ. ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನೇ ಇನ್ನೂ ಸಿಕ್ಕಿಲ್ಲ ಎಂದು ಅವರಿಗೆ ಅರಿವಾದದ್ದು ಅದಾದ ವರ್ಷಗಳ ಮೇಲೆ. ಬರದಲ್ಲಿ ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗೆ ಅವರು ಆಸರೆ ಕೊಟ್ಟ ಮುಕ್ತಿ ಮಿಷನ್ ಇಲ್ಲೇ ಪುಣೆ-ದೌಂಡ್ ರೈಲು ದಾರಿಯ ಕೇಡಗಾಂವ್‌ನಲ್ಲಿದೆ. ಹಾಗಾಗಿ ತಡವಾಯಿತೆಂದು ಅಂಜಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಅಕ್ಕ. ತಿಂಗಳಾದರೂ ಏನೂ ಅನಿಸದಿದ್ದರೆ?

ಉತ್ತರ: ವಾಸ್ಕೋದಿಂದ

ಅನಿಸದಿದ್ದರೂ ಕೂತುಕೊಳ್ಳಿ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸರ ನಿಯಮ ಸ್ಪಷ್ಟವಾಗಿದೆ: ಮನಸ್ಸು ಒಣಗಿದ ಕಾಲದಲ್ಲಿ ಹಿಂದಿನ ತೀರ್ಮಾನ ಬದಲಿಸಬೇಡ, ಪ್ರಾರ್ಥನೆಯ ಸಮಯ ಕಡಿಮೆ ಮಾಡಬೇಡ, ಬದಲಿಗೆ ತುಸು ಹೆಚ್ಚೇ ಕೂರು. ಹದಿನೈದು ನಿಮಿಷಕ್ಕೆ ಎದ್ದು ಹೋಗಬೇಕೆನಿಸಿದರೆ ಹದಿನಾರು ನಿಮಿಷ ಕೂರಿ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಅವರದೇ ಆತ್ಮಪರಿಶೀಲನೆ ಮಾಡಿ. ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ, ನಾಳೆಗೆ ಒಂದು ನಿರ್ಧಾರ. ಅನೇಕರು ಕೃತಜ್ಞತೆಯನ್ನು ಹಾರಿಸಿ ನೇರ ತಪ್ಪುಗಳಿಗೆ ಹೋಗುತ್ತಾರೆ, ಹಾಗೆ ಮಾಡಿದರೆ ಉಳಿಯುವುದು ಬರೀ ಹಳಹಳಿ.

ಯಾತಕ್ಕೆ ಬದುಕು ಎಂಬುದಕ್ಕೆ ಯೊವಾನ್ನನ ಸುವಾರ್ತೆಯ 21ನೆಯ ಅಧ್ಯಾಯ ನೋಡಿ. ಯೇಸುವನ್ನು ಬಂಧಿಸಿದ ರಾತ್ರಿ ಶಿಷ್ಯ ಪೇತ್ರ ಮೂರು ಸಲ ಅವರನ್ನು ಅರಿಯೆ ಎಂದದ್ದು ಇದ್ದಿಲ ಬೆಂಕಿಯ ಪಕ್ಕ ಚಳಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನದ ಮೇಲೆ ದಡದಲ್ಲಿ ಯೇಸು ಮೀನು ಸುಡುತ್ತಿರುವುದೂ ಇದ್ದಿಲ ಬೆಂಕಿಯ ಮೇಲೇ. ಎಲೀಯನಿಗಾದಂತೆ ಅಲ್ಲೂ ಮೊದಲು ಊಟ. ಆಮೇಲೆ "ನನ್ನನ್ನು ಪ್ರೀತಿಸುತ್ತೀಯಾ" ಎಂದು ಮೂರು ಸಲ ಕೇಳಿ, ಮೂರು ಸಲವೂ ಕುರಿ ಕಾಯುವ ಕೆಲಸ ಒಪ್ಪಿಸುತ್ತಾರೆ. ಗಾಯವಿದ್ದ ಜಾಗದಲ್ಲೇ ಕೆಲಸ ಸಿಗುತ್ತದೆ.

ಆದ್ದರಿಂದ ಬಲಿಪೂಜೆಗೆ ಹೋಗಲು ಶುರುಮಾಡಿ ಎರಡು ತಿಂಗಳಾದ ಮೇಲೆ ಒಂದೇ ಒಂದು ಸೇವೆ ಹಿಡಿಯಿರಿ. ವಾರಕ್ಕೆ ಎರಡು ಗಂಟೆ, ಮೂರು ತಿಂಗಳು. ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುತ್ತಾರೆ, ಅವರ ಜೊತೆ ಹೋಗಿ. ಬಂದ ತಕ್ಷಣ ಗಾಯನವೃಂದ, ಹಬ್ಬದ ಸಮಿತಿ, ಯುವಜನ ಎಂದು ಎಲ್ಲಕ್ಕೂ ತಲೆಕೊಟ್ಟವರು ಬೇಗ ಸೋತುಹೋಗುತ್ತಾರೆ. ಕಾಣಿಕೆ ಹಾಕಿದರೆ ಆಶೀರ್ವಾದ ಗ್ಯಾರಂಟಿ ಎನ್ನುವವರ ಹತ್ತಿರ ಸುಳಿಯಬೇಡಿ.

ರಜೆ ಸಿಕ್ಕರೆ ಹಳೆ ಗೋವಾಕ್ಕೆ ಬನ್ನಿ. ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ ಡಿಸೆಂಬರ್ 3ಕ್ಕೆ, ಅದಕ್ಕೆ ಮುಂಚಿನ ಒಂಬತ್ತು ದಿನದ ನೊವೆನಾ ನವೆಂಬರ್ 24ರಿಂದ. ನೊವೆನಾದ ವಾರದ ದಿನ, ಬೆಳಗಿನ ಜಾವದ ಪೂಜೆಗೆ ಬಂದರೆ ಹಬ್ಬದ ದಿನದ ನೂಕುನುಗ್ಗಲು ಇರುವುದಿಲ್ಲ, ಪೂಜೆ ಮುಗಿದ ಮೇಲೆ ಒಂದಷ್ಟು ಹೊತ್ತು ಸುಮ್ಮನೆ ಕೂರಬಹುದು.